ಪ್ರಾರ್ಥನೆಯ ಹೊತ್ತಿನ ಕಾವಲು

ಪ್ರಾರ್ಥನೆ ಮಾಡುವಾಗ ಜನರ ಮುಖ ಹೇಗಿರುತ್ತದೆ ಎಂಬುದು ನಲವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವರು ಕಣ್ಣು ಮುಚ್ಚಿದಾಗ ನಾನೂ ಮುಚ್ಚಿರುತ್ತಿದ್ದೆ. ಮೈಸೂರಿನಲ್ಲಿ ಚಿಕ್ಕವಳಿದ್ದಾಗ ಒಮ್ಮೆ ಚರ್ಚಿನಲ್ಲಿ ಕಳ್ಳಗಣ್ಣು ಬಿಟ್ಟು ನೋಡಲು ಹೋಗಿ ಅಜ್ಜಿಯಿಂದ ತೊಡೆಗೆ ಚಿವುಟಿಸಿಕೊಂಡಿದ್ದೆ. "ಪ್ರಾರ್ಥನೇಲಿ ಕಣ್ಣು ಬಿಟ್ಟೋರಿಗೆ ನೋಡಬಾರದ್ದೇ ಕಾಣೋದು" ಎಂದು ಅಜ್ಜಿ ಮನೆಗೆ ಬಂದ ಮೇಲೆ ಹೇಳಿದ್ದಳು. ಅಜ್ಜಿಯ ಕಣ್ಣೂ ಮುಚ್ಚಿದ್ದರೆ ನಾನು ಬಿಟ್ಟದ್ದು ಅವಳಿಗೆ ಕಂಡದ್ದು ಹೇಗೆ ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ. ಹೊಳೆಯುವ ವಯಸ್ಸಿಗೆ ಅಜ್ಜಿ ಇರಲಿಲ್ಲ.

ಸಿಂಗಾಪುರದಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಸಭೆ ಇತ್ತು. ಟೋವಾ ಪಾಯೋದ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ದೊಡ್ಡ ಚರ್ಚೊಂದರ ಹಿಂಭಾಗದ ಹಾಲನ್ನು ನಮಗೆ ಭಾನುವಾರ ಮಧ್ಯಾಹ್ನ ಬಿಟ್ಟುಕೊಡುತ್ತಿದ್ದರು. ಬೆಂಗಳೂರು, ಮೈಸೂರು, ಕೋಲಾರ, ಗದಗಿನ ಕಡೆಯವರು ಸೇರುತ್ತಿದ್ದೆವು. ಐಟಿಯವರೇ ಹೆಚ್ಚು, ಹಡಗುಕಟ್ಟೆಯಲ್ಲಿ ದುಡಿಯುವ ಕೆಲವರೂ ಬರುತ್ತಿದ್ದರು. ಆರಾಧನೆ ಮುಗಿದ ಮೇಲೆ ಕಾಗದದ ತಟ್ಟೆಯಲ್ಲಿ ಖಾರಾಬಾತು, ಕೇಸರಿಬಾತು. ನಮ್ಮ ಸಭೆಯ ಹಿರಿಯರು ಎಷ್ಟು ಉದ್ದ ಪ್ರಾರ್ಥನೆ ಮಾಡುತ್ತಿದ್ದರೆಂದರೆ, ಇಲ್ಲೇ ಕಾಯಂ ಉಳಿಯಲು ಯಾರು ಹಾಕಿದ ಪಿ.ಆರ್. ಅರ್ಜಿ ಎಲ್ಲಿಗೆ ಬಂದಿದೆ, ಯಾರ ಮಗುವಿಗೆ ಯಾವ ಪರೀಕ್ಷೆ ಇದೆ ಎಂಬುದೆಲ್ಲ ದೇವರಿಗೂ ನಮಗೂ ಒಟ್ಟಿಗೇ ತಿಳಿಯುತ್ತಿತ್ತು. ಅಷ್ಟು ಹೊತ್ತಿಗೆ ಫ್ಲಾಸ್ಕಿನ ಟೀ ಆರಿ ನೀರಾಗಿರುತ್ತಿತ್ತು.

ಎರಡು ಸಾವಿರದ ಹದಿನೇಳೋ ಹದಿನೆಂಟೋ ಇರಬೇಕು. ಪ್ರಾರ್ಥನೆಗೆ ಕೂತವರ ಮೇಲೆ ಯಾವುಯಾವುದೋ ದೇಶಗಳಲ್ಲಿ ಯಾರೋ ನುಗ್ಗಿ ಗುಂಡು ಹಾರಿಸಿದ ಸುದ್ದಿ ಒಂದರ ಹಿಂದೊಂದು ಬರುತ್ತಿದ್ದ ಕಾಲ. ಹಾಲ್ ಕೊಟ್ಟವರು, ನಿಮ್ಮ ಸಭೆಯಲ್ಲೂ ಒಂದು ಸೆಕ್ಯುರಿಟಿ ಟೀಮ್ ಇರಲೇಬೇಕು ಎಂದರು. ಹಿರಿಯರು ಅದನ್ನು ಹೇಳಿ, "ಯಾರ್ ಬರ್ತೀರಿ?" ಎಂದಾಗ ಗಂಡಸರೆಲ್ಲ ತಮ್ಮ ತಮ್ಮ ಶೂ ನೋಡಿಕೊಂಡರು. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ಕೊನೆಗೆ ನಾನು ಉಳಿದೆ. ಒನ್-ನಾರ್ತಿನ ಕಂಪನಿಯಲ್ಲಿ ನನ್ನದು ಟೆಸ್ಟಿಂಗ್ ಕೆಲಸ, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿದರೆ ಸಂಬಳ. "ಇವಳು ತಿಳಿಸಾರಲ್ಲೂ ಬಗ್ ಹುಡುಕ್ತಾಳೆ. ಹಾಕ್ಕೊಳಿ, ಹಾಕ್ಕೊಳಿ" ಎಂದು ನನ್ನ ಗಂಡನೇ ನನ್ನ ಹೆಸರು ಕೊಟ್ಟು ಹಲ್ಲು ಕಿರಿದ. ಇನ್ನಿಬ್ಬರು ಹುಡುಗರು ಲೆಕ್ಕಕ್ಕೆ ಸೇರಿದರು. ಕೈಯೆತ್ತಿ ತಾವಾಗಿಯೇ ಬಂದವರು ಒಬ್ಬರೇ. ಅವರು ಟೆಕ್ಸಾಸ್ ಅಂಕಲ್.

ಮಕ್ಕಳು ಇಟ್ಟ ಹೆಸರು ಅದು, ದೊಡ್ಡವರಿಗೂ ಅದೇ ನಿಂತುಹೋಗಿತ್ತು. ಮೂಲ ನಮ್ಮ ಮೈಸೂರಿನವರೇ. ಟೆಕ್ಸಾಸಿನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಬಹಳ ವರ್ಷ ಇದ್ದು, ಆಗಷ್ಟೇ ಜುರಾಂಗ್ ದ್ವೀಪದ ಕಾರ್ಖಾನೆಗೆ ವರ್ಗವಾಗಿ ಹೆಂಡತಿಯ ಜೊತೆ ಬಂದಿದ್ದರು. ಐವತ್ತೈದರ ಆಸುಪಾಸು, ಎತ್ತರದ ಆಳು, ಮಾತು ಕಡಿಮೆ. ಮೈ ಬೆವರಿ ನೀರಾಗುವ ಈ ಊರಿನಲ್ಲಿ ಆ ಮನುಷ್ಯ ವರ್ಷವಿಡೀ ಜಾಕೆಟ್ ಹಾಕುತ್ತಿದ್ದರು. ಆಗ ಒಂಬತ್ತು ವರ್ಷದವಳಾಗಿದ್ದ ನನ್ನ ಮಗಳು ಒಮ್ಮೆ ಇಲ್ಲಿನ ಮಕ್ಕಳ ಇಂಗ್ಲಿಷಿನಲ್ಲಿ ನೇರವಾಗಿ, "ಅಂಕಲ್, ಯು ನಾಟ್ ಹಾಟ್ ಮೆಹ್?" ಎಂದು ಕೇಳಿಯೂಬಿಟ್ಟಳು. "ಅಭ್ಯಾಸ ಮಗಳೇ" ಎಂದರು ಅವರು. ನಡೆಯುವಾಗ ಸ್ವಲ್ಪ ಬಲಕ್ಕೆ ವಾಲುತ್ತಿದ್ದರು, ಆ ಕಡೆಯ ಕೈಯಲ್ಲಿ ನೀರಿನ ಕೊಡ ಇದೆಯೇನೋ ಎಂಬಂತೆ.

ನಮಗೆ ತರಬೇತಿ ಕೊಟ್ಟವರು ಅವರೇ. ಖಾಲಿ ಹಾಲಿನಲ್ಲಿ ಕುರ್ಚಿ ಎಳೆದುಕೊಂಡು ಕೂತು ತಮ್ಮ ಹಳೆಯ ಚರ್ಚಿನ ವಿಷಯ ಹೇಳಿದರು.

"ಅಲ್ಲಿ ಪಿಸ್ತೂಲಿಗೆ ಲೈಸೆನ್ಸ್ ಇರುತ್ತೆ. ಕೋಟ್ ಒಳಗೆ ಇಟ್ಕೊಂಡು ಚರ್ಚಿಗೆ ಬರ್ತೀವಿ. ಯಾರ ಹತ್ರ ಇದೆ, ಯಾರ ಹತ್ರ ಇಲ್ಲ ಅಂತ ಯಾರಿಗೂ ಗೊತ್ತಾಗಬಾರದು. ಅದೇ ರೂಲ್. ಕಾಯರ್‌ನಲ್ಲಿ ಹಾಡೋರ ಹತ್ರ ಇರುತ್ತೆ. ಬಾಗಿಲಲ್ಲಿ ಶೇಕ್‌ಹ್ಯಾಂಡ್ ಮಾಡೋರ ಹತ್ರ ಇರುತ್ತೆ. ರೊಟ್ಟಿ, ದ್ರಾಕ್ಷಾರಸದ ತಟ್ಟೆ ಹಿಡ್ಕೊಂಡು ಬರೋರ ಹತ್ರಾನೂ ಇರುತ್ತೆ."

ನಮ್ಮ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲಾ, ದೇವರ ಮೇಲೆ ನಂಬಿಕೆ ಇಲ್ವೇನಯ್ಯಾ ಹಂಗಾದ್ರೆ?"

"ಇದೆ. ಕಾರಲ್ಲಿ ಸೀಟ್ ಬೆಲ್ಟೂ ಹಾಕ್ತೀನಿ."

ಅವರ ನಿಯಮಗಳು ಕೆಲವೇ. ಬಾಗಿಲು ಕಾಣುವ ಕಡೆ ಕೂರಬೇಕು. ಮುಖ ನೋಡಬಾರದು, ಕೈ ನೋಡಬೇಕು. ಮುಖ ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಮುಚ್ಚಬಾರದು. "ಎಲ್ಲರೂ ಕಣ್ಣು ಮುಚ್ಚೋದು ಅವಾಗ್ಲೇ. ಬರೋನು ಅದನ್ನೇ ಕಾಯ್ತಿರ್ತಾನೆ" ಎಂದರು.

"ಇಲ್ಲಿ ನಮಗೇನ್ ಕೊಡ್ತಾರೆ ಅಂಕಲ್?" ಎಂದು ಹುಡುಗರಲ್ಲೊಬ್ಬ ಕೇಳಿದ. ಕೊಟ್ಟದ್ದು ಒಂದು ಸೀಟಿ, ಒಂದು ಹಳದಿ ಬ್ಯಾಡ್ಜು. ಒಂದು ಗುಂಡು ಜೇಬಿನಲ್ಲಿ ಸಿಕ್ಕಿದರೂ ಬಾಳೇ ಮುಗಿದುಹೋಗುವ ದೇಶ ಇದು, ಇನ್ನೇನು ಕೊಟ್ಟಾರು? ನಾವೆಲ್ಲ ನಕ್ಕೆವು. ಅಂಕಲ್ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವರ ಬಲಗೈ ತಾನಾಗಿಯೇ ಜಾಕೆಟ್ಟಿನ ಅಡಿಗೆ ಹೋಗಿ ಸೊಂಟ ಮುಟ್ಟಿ ಬಂತು.

ಮುಂದಿನ ಭಾನುವಾರ ನನ್ನ ಮೊದಲ ಕಾವಲು. ಹಾಲಿನ ಗಾಜಿನ ಬಾಗಿಲು ಬಲಗಡೆ ಗೋಡೆಯಲ್ಲಿ, ಮುಂದಿನ ಸಾಲುಗಳ ಪಕ್ಕದಲ್ಲಿತ್ತು. ಕೊನೆಯ ಸಾಲಿನ ಎಡತುದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಅಂಕಲ್, ಬಲತುದಿಯಲ್ಲಿ ನಾನು. ಹಿರಿಯರು "ಪ್ರಾರ್ಥಿಸೋಣ" ಎಂದರು. ಹೆಂಗಸರ ಸೆರಗುಗಳು ತಲೆಯ ಮೇಲೆ ಬಂದವು, ತಲೆಗಳು ಬಾಗಿದವು. ನನ್ನ ರೆಪ್ಪೆಗಳು ಹಳೆಯ ಅಭ್ಯಾಸಕ್ಕೆ ತಾವೇ ಇಳಿಯಲು ಹೊರಟವು, ನಾನು ಬಲವಂತವಾಗಿ ಎತ್ತಿ ಹಿಡಿದೆ.

ಆ ನೋಟಕ್ಕೆ ನಾನು ತಯಾರಿರಲಿಲ್ಲ. ಒಂದು ಕ್ಷಣದ ಹಿಂದೆ ಮಗುವಿನ ಮೂಗು ಒರೆಸುತ್ತಾ, ಮೊಬೈಲು ಆರಿಸುತ್ತಾ ಇದ್ದ ಜನ ಎಲ್ಲರೂ ಒಮ್ಮೆಲೇ ಎಲ್ಲಿಗೋ ಎದ್ದುಹೋಗಿದ್ದರು, ಮೈ ಮಾತ್ರ ಇಲ್ಲಿ ಬಿಟ್ಟು. ನಾನು ಕೂತಲ್ಲಿಂದ ಕಾಣುತ್ತಿದ್ದ ಕೆನ್ನೆಗಳಲ್ಲಿ ಒಂದರಲ್ಲೂ ಕದಲಿಕೆ ಇಲ್ಲ. ಎದುರಿಗೆ ಹಿರಿಯರ ಮುಖ, ಮುಚ್ಚಿದ ಕಣ್ಣು, ಬಾಯಿಯೊಂದೇ ಆಡುತ್ತಿತ್ತು. ಎಸಿಯ ಸದ್ದು ಅಷ್ಟು ಜೋರಾಗಿದೆ ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಈ ಮನೆಯಲ್ಲಿ ಎಚ್ಚರವಾಗಿರುವವಳು ನಾನೊಬ್ಬಳೇ ಎನ್ನಿಸಿತು.

ಒಬ್ಬಳೇ ಅಲ್ಲ. ಎಡಕ್ಕೆ ತಿರುಗಿದರೆ ಇನ್ನೊಂದು ಜೋಡಿ ಕಣ್ಣು ತೆರೆದಿತ್ತು. ಬಾಗಿದ ತಲೆಗಳ ಆಚೆಯಿಂದ ಟೆಕ್ಸಾಸ್ ಅಂಕಲ್ ನನ್ನನ್ನೇ ನೋಡುತ್ತಿದ್ದರು. ನನ್ನ ಮುಖವನ್ನಲ್ಲ, ಕೈಯನ್ನು. ನಾನು ಮೆಲ್ಲಗೆ ಕೈಗಳನ್ನು ಚೀಲದ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಆಗ ಅವರ ದೃಷ್ಟಿ ಬಾಗಿಲಿಗೆ ಹೋಯಿತು.

"ನನ್ನನ್ನೂ ಚೆಕ್ ಮಾಡ್ತಾ ಇದ್ರಾ ಅಂಕಲ್?" ಎಂದು ಟೀ ಹೊತ್ತಿನಲ್ಲಿ ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ಎಲ್ಲರನ್ನೂ" ಎಂದರು. "ನೀನೂ ಮಾಡ್ಬೇಕು."

ಮಾಡಿದೆ. ಬೇಡವೆಂದರೂ ಅದು ಮೈಗೆ ಹತ್ತಿಕೊಂಡಿತು. ವಾರಗಳು ಹೋದ ಹಾಗೆ ಎಂ.ಆರ್.ಟಿ. ರೈಲಿನಲ್ಲೂ ಜನರ ಕೈಗಳೇ ಕಾಣತೊಡಗಿದವು. ಒಂದು ಬೆಳಗ್ಗೆ ರಾಫೆಲ್ಸ್ ಪ್ಲೇಸಿನಲ್ಲಿ ರೈಲು ಬದಲಿಸುವಾಗ ಕಂಕುಳಲ್ಲಿ ಕೈ ಇಟ್ಟುಕೊಂಡಿದ್ದ ಒಬ್ಬ ಮುದುಕನನ್ನು ಎಸ್ಕಲೇಟರ್ ಮುಗಿಯುವವರೆಗೂ ದಿಟ್ಟಿಸಿದೆ. ಅವನು ಅಲ್ಲಿಂದ ಬಿಸಿ ಬಿಸಿ ಬನ್ನಿನ ಪೊಟ್ಟಣ ತೆಗೆದ. ಮನೆಯಲ್ಲಿ ಊಟದ ಮುಂಚಿನ ಪ್ರಾರ್ಥನೆಗೂ ನನ್ನ ಕಣ್ಣು ಮುಚ್ಚುತ್ತಿರಲಿಲ್ಲ. ಗಂಡ, ಮಗಳು ತಲೆ ಬಗ್ಗಿಸಿ ಕೂತಿರುತ್ತಿದ್ದರು, ನಾನು ಕದದ ಚಿಲಕ ನೋಡುತ್ತಿದ್ದೆ. ಒಂದು ದಿನ ಆಮೆನ್ ಆದ ಮೇಲೆ ಮಗಳು, "ಅಮ್ಮಾ, ನೀನು ಕಣ್ಣು ಕ್ಲೋಸ್ ಮಾಡಲ್ಲ ಅಲ್ವಾ?" ಎಂದಳು.

"ನಿನಗೆ ಹೆಂಗೇ ಗೊತ್ತು?"

ಅವಳು ಸುಮ್ಮನೆ ನಕ್ಕು ಮೊಸರಿನ ಬಟ್ಟಲು ಹತ್ತಿರಕ್ಕೆಳೆದುಕೊಂಡಳು. ನಾನೂ ಬಿಟ್ಟುಬಿಟ್ಟೆ. ಚಿವುಟಬೇಕಿತ್ತು.

ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ ಅಂಕಲ್‌ನ ಹೆಂಡತಿ ಫೋನ್ ಮಾಡಿ, ನನ್ನ ಜೊತೆ ಮಾತಾಡಬೇಕು ಎಂದರು. ನಮ್ಮ ಬ್ಲಾಕಿನ ಹತ್ತಿರ ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಕಾಫಿ ಹಿಡಿದು ಕೂತೆವು. ಸಭೆಯಲ್ಲಿ ನಗುನಗುತ್ತಾ ಕೇಸರಿಬಾತು ಬಡಿಸುವ ಆಂಟಿ ಆವತ್ತು ಕಾಫಿ ಮುಟ್ಟಲಿಲ್ಲ.

"ಪ್ರಾರ್ಥನೆ ಹೊತ್ತಲ್ಲಿ ನೀವು ಕಣ್ಣು ಬಿಟ್ಟಿರ್ತೀರಲ್ಲ" ಎಂದರು. "ಇವರು ಒಂದ್ಸಲ ಆದ್ರೂ ಕಣ್ಣು ಮುಚ್ತಾರಾ?"

"ಇಲ್ಲ ಆಂಟಿ. ಟೀಮ್ ರೂಲ್ ಅದು."

"ಟೀಮ್ ಈಗ ಬಂತು. ಇವರು ಮುಚ್ಚಿ ಮೂರು ವರ್ಷದ ಮೇಲಾಯ್ತು."

ಆಮೇಲೆ ಅವರು ಹೇಳಿದ್ದನ್ನು ನಾನು ಇಷ್ಟು ವರ್ಷವಾದರೂ ಮರೆತಿಲ್ಲ.

ಟೆಕ್ಸಾಸಿನಲ್ಲಿ ಅದು ಚಳಿಗಾಲದ ಭಾನುವಾರ. ಎಲ್ಲರೂ ದಪ್ಪ ಕೋಟು ಹಾಕಿದ್ದರು. ಪ್ರಾರ್ಥನೆ ನಡೆಯುತ್ತಿದ್ದಾಗ ಬಾಗಿಲು ತೆರೆದ ಸದ್ದಾಯಿತು. "ಪಕ್ಕದಲ್ಲಿ ಇವರ ಉಸಿರು ನಿಂತ ಹಂಗಾಯ್ತು. ಅದಕ್ಕೇ ಕಣ್ಣು ಬಿಟ್ಟೆ" ಎಂದರು ಆಂಟಿ. ಬಾಗಿಲ ಪಕ್ಕದ ಗೋಡೆಗೆ ಒಬ್ಬ ನಿಂತಿದ್ದ. ನಮ್ಮ ಕಡೆಯವನ ಹಾಗೆ ಕಾಣುವ ಕಪ್ಪು ಮನುಷ್ಯ. ಒಂದು ಕೈ ಕೋಟಿನೊಳಗೆ. ಕದಲುತ್ತಿಲ್ಲ. ಅಂಕಲ್ ಎದ್ದು ನಿಂತಿದ್ದರು, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಅವನ ಎದೆಗೆ ಗುರಿಯಿಟ್ಟಿದ್ದರು.

"ಅಷ್ಟು ಜನ ಇದ್ದಾರೆ, ಒಬ್ಬರೂ ಕಣ್ಣು ಬಿಡಲಿಲ್ಲ. ಪಾಸ್ಟರ್ ಯಾರದ್ದೋ ಮಂಡಿ ಆಪರೇಷನ್‌ಗೆ ಪ್ರೇಯರ್ ಮಾಡ್ತಾ ಇದ್ರು. ಅವನು ನಿಧಾನಕ್ಕೆ ಎರಡೂ ಕೈ ಎತ್ತಿದ. ಕೋಟ್ ಒಳಗಿಂದ ಏನೋ ಬಿತ್ತು. ಉಣ್ಣೆ ಟೋಪಿ ಕಣ್ರೀ. ಚರ್ಚು ಅಂತ ಟೋಪಿ ತೆಗೆದು ಒಳಗೆ ಇಟ್ಕೋತಾ ಇದ್ದ, ಅಷ್ಟೇ."

"ಆಮೇಲೆ?"

"ಆಮೇಲೆ ಏನೂ ಇಲ್ಲ. ಇವರು ಅದನ್ನ ವಾಪಸ್ ಇಟ್ಕೊಂಡ್ರು, ಕೂತ್ರು. ಅವನು ಹಿಂದಕ್ಕೆ ಹಿಂದಕ್ಕೆ ನಡೆದು ಹೊರಗೆ ಹೋದ. ಆಮೆನ್ ಆಯ್ತು. ಎಲ್ಲರೂ ಶೇಕ್‌ಹ್ಯಾಂಡ್ ಮಾಡ್ಕೊಂಡು ಕಾಫಿ ಕುಡಿದ್ರು. ಟೋಪಿ ಅಲ್ಲೇ ಬಿದ್ದಿತ್ತು, ಯಾರೋ ಎತ್ತಿ ಕಿಟಕಿ ಮೇಲಿಟ್ರು. ನಮ್ಮ ಮೂವರಿಗೆ ಬಿಟ್ರೆ ಇವತ್ತಿಗೂ ಯಾರಿಗೂ ಗೊತ್ತಿಲ್ಲ." ಆಂಟಿ ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು. "ಕೈ ಎತ್ತಿದಾಗ ಅವನು ನನ್ನ ಕಡೆ ನೋಡಿದ. ಕಾಪಾಡಿ ಅನ್ನೋ ಹಂಗೆ. ನಾನೇನ್ ಮಾಡ್ದೆ ಗೊತ್ತಾ? ಕಣ್ಣು ಮುಚ್ಕೊಂಡೆ. ಅವತ್ತಿಂದ ಪ್ರಾರ್ಥನೇಲಿ ಅಪ್ಪಿತಪ್ಪಿ ನಾನು ಕಣ್ಣು ಬಿಟ್ಟಿಲ್ಲ. ಅವರು ಮುಚ್ಚಿಲ್ಲ."

ಪಕ್ಕದ ಮೇಜಿನಲ್ಲಿ ಯಾರೋ ಲಾಟರಿ ಸಂಖ್ಯೆಗಳ ಬಗ್ಗೆ ಜಗಳವಾಡುತ್ತಿದ್ದರು.

"ಅವನು ಯಾಕೆ ನಿಂತಿದ್ದ ಹೇಳಿ ನೋಡೋಣ" ಎಂದರು ಆಂಟಿ. "ನಮ್ಮೂರಲ್ಲಿ ಪ್ರಾರ್ಥನೆ ನಡೀತಿರುವಾಗ ಲೇಟಾಗಿ ಬಂದ್ರೆ ಏನ್ ಮಾಡ್ತೀವಿ?"

"ಬಾಗಿಲಲ್ಲೇ ನಿಲ್ತೀವಿ. ಆಮೆನ್ ಆಗೋವರೆಗೂ ಕದಲಲ್ಲ."

"ಹೂಂ. ಚಿಕ್ಕ ಮಕ್ಕಳಿಗೂ ಗೊತ್ತು. ಆ ಊರಿನ ಜನ ನಿಲ್ಲಲ್ಲ, ಬಂದೋರು ಸೀದಾ ಹೋಗಿ ಕೂತ್ಕೋತಾರೆ. ಅವನು ನಿಂತ. ಬೇರೆಯವರಿಗೆ ತಿಳೀದೆ ಇದ್ರೆ ಸರಿ, ಮೈಸೂರಲ್ಲಿ ಹುಟ್ಟಿ ಬೆಳೆದ ಇವರಿಗೆ ಹೊಳೀಬೇಕಿತ್ತಲ್ವಾ? ನಮ್ಮೋನು ಅಂತ ನಿಂತಿರೋದ್ರಲ್ಲೇ ಗೊತ್ತಾಗಬೇಕಿತ್ತಲ್ವಾ?"

ಪಿಸ್ತೂಲು ಒಯ್ಯಲಾಗದ ದೇಶಕ್ಕೆ ಹೋಗೋಣವೆಂದು ಹಟ ಹಿಡಿದು ಗಂಡನನ್ನು ಸಿಂಗಾಪುರಕ್ಕೆ ಕರೆತಂದವರು ಆಂಟಿಯೇ. ಇಲ್ಲಿ ಬಂದ ಮೇಲೂ ಪಿಸ್ತೂಲು ಇಡುವ ಚರ್ಮದ ಖಾಲಿ ಚೀಲವನ್ನು ಅಂಕಲ್ ರಾತ್ರಿ ದಿಂಬಿನ ಬಳಿ ಇಟ್ಟುಕೊಂಡು ಮಲಗುತ್ತಿದ್ದರು, ಪ್ರತಿ ಭಾನುವಾರ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಜಾಕೆಟ್ ಅದಕ್ಕೇ. "ಕ್ರಿಸ್‌ಮಸ್ ಒಳಗೆ ಒಂದೇ ಒಂದು ಪ್ರಾರ್ಥನೆಗೆ ಕಣ್ಣು ಮುಚ್ಚಲಿ, ಸಾಕು. ಇಲ್ಲಾಂದ್ರೆ ನಾನು ಮೈಸೂರಿಗೆ ನನ್ನ ತಂಗಿ ಹತ್ರ ಹೋಗ್ಬಿಡ್ತೀನಿ. ಇವರಿಗೂ ಹೇಳಿದೀನಿ, ಟಿಕೆಟ್ಟೂ ಬುಕ್ ಮಾಡಿದೀನಿ. ಆ ಖಾಲಿ ಚೀಲದ ಪಕ್ಕ ಮಲಗೋಕೆ ನನ್ನ ಕೈಲಾಗಲ್ಲ" ಎಂದರು. "ಮುಚ್ಚಿದ್ರಾ ಇಲ್ವಾ ಅಂತ ನೋಡೋಕೆ ನನಗೆ ಧೈರ್ಯ ಇಲ್ಲ. ನೀವು ನೋಡಿ ಹೇಳಿ."

ನಾನು ಹಿರಿಯರ ಬಳಿ ಹೋಗಿ ಅಂಕಲ್‌ರನ್ನು ಟೀಮಿನಿಂದ ಬಿಡಿಸಿ ಎಂದೆ. ಕಾರಣ ಹೇಳುವಂತಿರಲಿಲ್ಲ. "ಗೊತ್ತಿರೋನು ಅಂತ ಇರೋನು ಅವನೊಬ್ಬ, ಅವನನ್ನೇ ಬಿಡಿಸಿ ನಿನ್ನ ಸೀಟಿ ನಂಬ್ಕೊಂಡು ಕೂರ್ಲಾ?" ಎಂದು ನಕ್ಕರು. ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಸೀದಾ ಅಂಕಲ್ ಮುಂದೆ ಹೋಗಿ ನಿಂತು, "ನೀವು ಯಾವಾಗ ಪ್ರಾರ್ಥನೆ ಮಾಡ್ತೀರಿ ಅಂಕಲ್?" ಎಂದು ಕೇಳಿದೆ.

ಅವರಿಗೆ ಕೋಪ ಬರಲಿಲ್ಲ. ನಾನು ಯಾಕೆ ಕೇಳುತ್ತಿದ್ದೇನೆಂದು ತಿಳಿದಿತ್ತೆಂದು ಕಾಣುತ್ತದೆ. "ಕಣ್ಣು ಬಿಟ್ಟಿದ್ರೆ ಈ ಬಾಗಿಲು ಕಾಣುತ್ತೆ. ಅಲ್ಲಿ ಯಾರೂ ಇರಲ್ಲ" ಎಂದರು. "ಮುಚ್ಚಿದ್ರೆ ಆ ಬಾಗಿಲು ಕಾಣುತ್ತೆ. ಅವನು ಅಲ್ಲೇ ನಿಂತಿರ್ತಾನೆ. ಕೈ ಎತ್ಕೊಂಡು."

ಹಾಲಿನಲ್ಲಿ ಮಕ್ಕಳು ಕುರ್ಚಿ ಎಳೆದಾಡುತ್ತಿದ್ದರು. ಹಾಡುಹಗಲು. ಆದರೂ ನಾನು ತಿರುಗಿ ಆ ಬಾಗಿಲನ್ನು ಒಮ್ಮೆ ನೋಡಿದೆ.

ಕ್ರಿಸ್‌ಮಸ್ಸಿಗೆ ಮುಂಚಿನ ಕೊನೆಯ ಆರಾಧನೆ. ಹಾಲಿನ ತುಂಬ ಕಾಗದದ ನಕ್ಷತ್ರಗಳು, ಮುಂದೆ ಹಾಡಲು ಸಿದ್ಧವಾಗಿ ನಮ್ಮ ಕಡೆಗೆ ಮುಖ ಮಾಡಿ ಕೂತ ಮಕ್ಕಳ ಸಾಲು, ಅದರಲ್ಲಿ ಬಿಳಿ ಫ್ರಾಕಿನ ನನ್ನ ಮಗಳು. ಆಂಟಿ ಅಂಕಲ್ ಪಕ್ಕದಲ್ಲಿ ಕೂತಿದ್ದರು. ಊರಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ಪ್ರತಿ ವಾರ ಆಮೆನ್ ಆದೊಡನೆ ನಾನು ಆಂಟಿಯತ್ತ ನೋಡಿ ಇಲ್ಲ ಎಂದು ತಲೆಯಾಡಿಸುವುದೂ ಅಭ್ಯಾಸವಾಗಿ, ಆಮೇಲೆ ಅವರು ನನ್ನತ್ತ ನೋಡುವುದನ್ನೇ ಬಿಟ್ಟಿದ್ದರು.

ಹಿರಿಯರು ಪ್ರಾರ್ಥನೆ ಶುರು ಮಾಡಿದರು. ವೀಸಾಗಳು ಬಂದುಹೋದವು, ಯಾರದ್ದೋ ಬಾಣಂತನ ಬಂತು. ಆಗ ಬಾಗಿಲು ಉಸಿರು ಬಿಟ್ಟ ಹಾಗೆ ತೆರೆದುಕೊಂಡಿತು.

ಒಬ್ಬ ಒಳಗೆ ಬಂದ. ಸಣಕಲು ಮನುಷ್ಯ, ಕಂಪನಿಯ ನೀಲಿ ಟೀ ಶರ್ಟು. ನಾನು ಹಿಂದೆಂದೂ ಕಂಡವನಲ್ಲ. ಎರಡು ಹೆಜ್ಜೆ ಇಟ್ಟವನು ಗೋಡೆಯ ಪಕ್ಕ ನಿಂತುಬಿಟ್ಟ. ಬಲಗೈ ಶರ್ಟಿನ ಒಳಗಿತ್ತು.

ಗೊತ್ತಿದ್ದೂ ಗೊತ್ತಿದ್ದೂ ಒಂದು ಗಳಿಗೆ ನನಗೂ ಅವನ ಕೈ ಬಿಟ್ಟರೆ ಬೇರೇನೂ ಕಾಣಲಿಲ್ಲ. ಅಷ್ಟು ದಿನ ನಾನು ಕಲಿತದ್ದು ಅದನ್ನೇ ತಾನೆ?

ಎಡಕ್ಕೆ ತಿರುಗಿದೆ. ಅಂಕಲ್ ಎದ್ದು ನಿಂತಿದ್ದರು. ಸದ್ದೇ ಇಲ್ಲದೆ ಎದ್ದಿದ್ದರು. ಜಾಕೆಟ್ಟಿನ ಅಡಿಗೆ ಹೋದ ಕೈ ಹೊರಗೆ ಬಂತು, ಇನ್ನೊಂದು ಕೈ ಅದಕ್ಕೆ ಜೊತೆಯಾಯಿತು, ಎರಡೂ ನೀಳವಾಗಿ ಮುಂದಕ್ಕೆ ಚಾಚಿದವು. ಆ ಕೈಗಳಲ್ಲಿ ಏನೂ ಇರಲಿಲ್ಲ. ಬೆರಳುಗಳು ಮಾತ್ರ, ಅಲ್ಲಿಲ್ಲದ ಪಿಸ್ತೂಲಿನ ಸುತ್ತ ಸರಿಯಾಗಿ ಮಡಿಚಿಕೊಂಡಿದ್ದವು. ಬಾಗಿದ ತಲೆಗಳ ಮೇಲಿಂದ, ನನ್ನ ಗಂಡನ ಬೋಳು ನೆತ್ತಿಯ ಮೇಲಿಂದ ಹಾದು ಆ ಬರಿಗೈ ಗೋಡೆಯ ಪಕ್ಕದವನ ಎದೆಗೆ ನೆಟ್ಟಿತ್ತು. ಆಂಟಿ ಕಣ್ಣುಗಳನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಗಂಡನ ಉಸಿರು ನಿಂತದ್ದು ಅವರಿಗೆ ಕೇಳಿಸಿತ್ತು.

ಖಾಲಿ ಕೈ ಎಂದು ಗೊತ್ತು. ಆದರೂ ಅದು ಸಿಡಿಯುತ್ತದೆ, ಈಗ ಸಿಡಿಯುತ್ತದೆ ಎಂದೇ ನನಗೆ ಅನ್ನಿಸಿತು.

ಪ್ರಾರ್ಥನೆಯ ಮಧ್ಯೆ ನಡೆದಾಡಿದವಳಲ್ಲ ನಾನು, ನಮ್ಮ ಜನ ಯಾರೂ ಅಲ್ಲ. ಆವತ್ತು ನಡೆದೆ. ಕೊನೆಯ ಸಾಲಿನ ಮುಂದಿನಿಂದ ಹಾದುಹೋಗಿ ಅಂಕಲ್ ಮುಂದೆ ನಿಂತೆ. ಆ ಕೈ ಈಗ ನನ್ನ ಎದೆಗೆ ನೇರವಾಗಿತ್ತು. ಅವರ ಕಣ್ಣು ನನ್ನನ್ನು ದಾಟಿ ಆಚೆ ನೋಡುತ್ತಿತ್ತು.

"ಕೈ ನೋಡು" ಎಂದು ಪಿಸುಗುಟ್ಟಿದರು. "ಅವನ ಕೈ ನೋಡು."

"ಅಂಕಲ್, ಅವನ ಕಣ್ಣು ನೋಡಿ. ಮುಚ್ಚಿದಾನೆ. ಪ್ರಾರ್ಥನೆ ಮುಗೀಲಿ ಅಂತ ನಿಂತಿದಾನೆ. ನಮ್ಮೋನು ಅಂಕಲ್. ನಮ್ಮೋರ ಹಂಗೆ ನಿಂತಿದಾನೆ."

ಅವರು ನೋಡಿದರು. ಬಹಳ ಹೊತ್ತು ನೋಡಿದರು. ಗೋಡೆಯ ಪಕ್ಕದವನು ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ನಿಂತೇ ಇದ್ದ. ನಾನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದೆ. ಮಂಜುಗಡ್ಡೆಯ ಹಾಗೆ ತಣ್ಣಗಿದ್ದವು.

"ನೀವು ಕಣ್ಣು ಮುಚ್ಚಿ. ನಾನು ನೋಡ್ತೀನಿ" ಎಂದೆ.

"ನೋಡ್ತೀಯಾ?"

"ನೋಡ್ತೀನಿ."

ಅವರು ಕೂತರು. ಮಗು ಕಹಿ ಔಷಧಿ ಕುಡಿಯುವ ಮುನ್ನ ಮಾಡುವ ಹಾಗೆ ಮುಖ ಹಿಂಡಿಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಆ ಹಿಂಡಿದ ಮುಖ ಸಡಿಲವಾಯಿತು, ಕೆನ್ನೆ ಒದ್ದೆಯಾಯಿತು. ನಾನು ಅವರ ಪಕ್ಕ ನಿಂತು ಬಾಗಿಲು ನೋಡುತ್ತಿದ್ದೆ. ಹಿರಿಯರು ಇನ್ನೂ ಬಾಣಂತಿಯನ್ನು ಬಿಟ್ಟಿರಲಿಲ್ಲ. ಅವರ ಉದ್ದನೆಯ ಪ್ರಾರ್ಥನೆಗಾಗಿ ಜೀವನದಲ್ಲಿ ಮೊದಲ ಸಲ ದೇವರಿಗೆ ವಂದನೆ ಹೇಳಿದೆ.

ಆಮೆನ್ ಆಯಿತು. ಹೊಸಬ ಶರ್ಟಿನೊಳಗಿಂದ ಕೈ ತೆಗೆದ. ಅದರಲ್ಲಿ ಫೋನು. ಹೊಟ್ಟೆಗೆ ಅವುಚಿಕೊಂಡು ಅದರ ಸದ್ದು ಅಡಗಿಸಿದ್ದನಂತೆ. "ಊರಿಂದ ಮನ್ಯಾಕಿ ಫೋನು ಬಂದಿತ್ತರೀ. ತಪ್ಪಾತರೀ" ಎಂದು ಎಲ್ಲರಿಗೂ ಕೈ ಮುಗಿದ. ಹಡಗುಕಟ್ಟೆಗೆ ಹೊಸದಾಗಿ ಬಂದ ಗದಗಿನ ಕಡೆಯವನು. ಅಂಕಲ್ ಎದ್ದುಹೋಗಿ ಅವನ ಎರಡೂ ಕೈಗಳನ್ನು ಹಿಡಿದುಕೊಂಡರು, ಬಿಡಲೇ ಇಲ್ಲ. ಅವನಿಗೆ ಕಸಿವಿಸಿಯಾಗಿ ನನ್ನ ಮುಖ ನೋಡಿದ. ಬಾರಪ್ಪ, ತಿಂಡಿ ತಿನ್ನು ಎಂದೆ.

ಆಂಟಿ ಇನ್ನೂ ಕೂತೇ ಇದ್ದರು. ಹತ್ತಿರ ಹೋದೆ.

"ಮುಚ್ಚಿದ್ರು ಆಂಟಿ" ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅವರು ಸೆರಗಿನಿಂದ ಬಾಯಿ ಒತ್ತಿಕೊಂಡು ಅತ್ತರು. ಟಿಕೆಟ್ ಕ್ಯಾನ್ಸಲ್ ಆಯಿತು.

ಅಲ್ಲಿಂದ ಮುಂದೆ ಅಂಕಲ್ ಜಾಕೆಟ್ ಇಲ್ಲದೆ ಬರತೊಡಗಿದರು. ಬ್ಯಾಡ್ಜು ಹಿಂದಿರುಗಿಸಿ ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಪ್ರತಿ ಪ್ರಾರ್ಥನೆಗೂ ಮುಂಚೆ ಮೆಲ್ಲಗೆ, "ನೋಡ್ತಾ ಇರ್ತೀಯಲ್ಲ?" ಎಂದು ಕೇಳುವರು. "ಹೂಂ ಅಂಕಲ್" ಎಂದರೆ ಆಯಿತು, ಕಣ್ಣು ಮುಚ್ಚುವರು. ಅವರು ನಿವೃತ್ತಿಯಾಗಿ ಇಬ್ಬರೂ ಮೈಸೂರಿಗೆ ಹೊರಡುವವರೆಗೂ ಈ ಮಾತು ತಪ್ಪಲಿಲ್ಲ. ಕೊಟ್ಟ ಮಾತು ನಾನೂ ತಪ್ಪಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಅವರು ಹೋದ ಮೇಲಿನ ಮೊದಲ ಭಾನುವಾರ ನಾನೂ ಬ್ಯಾಡ್ಜು ತೆಗೆದಿಟ್ಟು, ಮಗಳ ಜೊತೆ ನಡುವಿನ ಸಾಲಿನಲ್ಲಿ ಕೂತೆ. ಇನ್ನು ನೋಡಬೇಕಾದ್ದಿಲ್ಲ, ಹುಡುಗರಿದ್ದಾರೆ. ಹಿರಿಯರು "ಪ್ರಾರ್ಥಿಸೋಣ" ಎಂದರು. ಸೆರಗು ಎಳೆದುಕೊಂಡು ಕಣ್ಣು ಮುಚ್ಚಲು ಹೋದೆ. ಆಗಲಿಲ್ಲ. ಮುಚ್ಚಿದೊಡನೆ ಗೋಡೆಯ ಪಕ್ಕ ಯಾರೋ ನಿಂತಂತೆ. ಬಿಟ್ಟರೆ ಯಾರೂ ಇಲ್ಲ. ಮತ್ತೆ ಮುಚ್ಚಿದೆ, ಮತ್ತೆ ಬಿಟ್ಟೆ. ಟೆಕ್ಸಾಸಿನ ಆ ಮನುಷ್ಯನನ್ನು ನಾನು ಕಂಡವಳೂ ಅಲ್ಲ. ಅಂಕಲ್ ಬಿಟ್ಟುಹೋದದ್ದು ಏನೆಂದು ಆಗ ನನಗೆ ಅರ್ಥವಾಯಿತು.

ಯಾರೋ ನನ್ನ ತೋಳು ಮುಟ್ಟಿದರು. ಮಗಳು. ಅವಳ ಕಣ್ಣುಗಳು ಅಗಲವಾಗಿ ತೆರೆದಿದ್ದವು, ಬಾಗಿಲ ಮೇಲಿದ್ದವು.

"ನೀನು ಕ್ಲೋಸ್ ಮಾಡಮ್ಮ" ಎಂದು ಪಿಸುಗುಟ್ಟಿದಳು. "ನಾನು ನೋಡ್ತೀನಿ ಲಾ."

"ನೀನ್ ಯಾಕೆ ಕಣ್ಣು ಬಿಟ್ಟಿದೀಯಾ?"

"ಅವತ್ತಿಂದ. ಕ್ರಿಸ್‌ಮಸ್ ಸಾಂಗ್ ದಿನ ಅಂಕಲ್ ಕೈ ಎತ್ತಿದ್ರಲ್ಲ, ನೀನು ಹೋಗಿ ಅದರ ಮುಂದೆ ನಿಂತ್ಕೊಂಡ್ಯಲ್ಲ. ನಾನು ಎಲ್ಲಾ ನೋಡ್ದೆ."

ಇಷ್ಟು ದಿನ, ಅಷ್ಟೂ ಪ್ರಾರ್ಥನೆಗಳಲ್ಲಿ, ನಾನು ಬಾಗಿಲು ಕಾಯುತ್ತಿದ್ದೆ. ಇವಳು ನನ್ನನ್ನು ಕಾಯುತ್ತಿದ್ದಳು. ನನ್ನ ಮುಖಕ್ಕೆ ಒಮ್ಮೆಯೂ ತಿರುಗದೆ ಬಾಗಿಲನ್ನೇ ನೋಡುತ್ತಾ ಮಾತಾಡಿದಳು, ಅಂಕಲ್ ನಮಗೆ ಹೇಳಿಕೊಟ್ಟ ಹಾಗೆಯೇ.

ಅಂಗೈಯಿಂದ ಅವಳ ಎರಡೂ ಕಣ್ಣು ಮುಚ್ಚಿದೆ. ರೆಪ್ಪೆಗಳು ಕೈಯಡಿಯಲ್ಲಿ ಪಟಪಟ ಬಡಿದುಕೊಂಡವು. "ಅಮ್ಮಾ, ಹೂ ವಿಲ್ ಲುಕ್?" ಎಂದಳು. "ಯಾರೂ ಬೇಡ" ಎಂದೆ. ಅವಳನ್ನು ಎದೆಗೆ ಎಳೆದುಕೊಂಡು ನನ್ನ ಕಣ್ಣನ್ನೂ ಬಿಗಿಯಾಗಿ ಮುಚ್ಚಿದೆ. ಮುಚ್ಚಿದ ಕಣ್ಣೊಳಗೆ ಅವನು ಗೋಡೆಯ ಪಕ್ಕ ಬಂದು ನಿಂತ. ನಿಲ್ಲಲಿ ಎಂದುಕೊಂಡೆ.

ಆಗ ನಿಜವಾಗಿಯೂ ಬಾಗಿಲು ತೆರೆಯಿತು. ಹೊರಗಿನ ಬಿಸಿಗಾಳಿ ಕೆನ್ನೆಗೆ ತಾಗಿತು. ಎರಡು ಹೆಜ್ಜೆಯ ಸದ್ದು ಕೇಳಿತು, ಆಮೇಲೆ ಕೇಳಲಿಲ್ಲ. ಮಗಳ ಮೈ ಸೆಟೆಯಿತು. ನಾನು ಕೈ ತೆಗೆಯಲಿಲ್ಲ, ಕಣ್ಣು ಬಿಡಲಿಲ್ಲ. ಹಿರಿಯರು ಯಾರ ಯಾರದೋ ಹೆಸರು ಹೇಳುತ್ತಾ ಹೋದರು, ಬಂದವರು ಯಾರೋ ಅಲ್ಲೇ ನಿಂತಿದ್ದರು, ಮತ್ತು ನಾನು ಆಮೆನ್ ಆಗುವುದನ್ನು ಕಾಯುತ್ತಾ ಕೂತೆ.